ತಲೆಯ ಮೇಲೆ ಒಂಟಿ ಮುಳ್ಳಿರುವ ಬೂದು ಮೀನು: ಇದು ಕಾರ್ಗಿಲಾ?

ಪ್ರಶ್ನೆ: ಮಲ್ಪೆಯಲ್ಲಿ ಟ್ರಾಲ್ ಬೋಟಿನ (ಬಲೆ ಎಳೆದು ಮೀನು ಹಿಡಿಯುವ ದೋಣಿ) ಮೀನಿನ ಜೊತೆ ಬಂದದ್ದು. ಒಂದೂವರೆ ಅಡಿ ಉದ್ದ, ಹಲಗೆಯಂತೆ ಚಪ್ಪಟೆ, ಬೂದು ಬಣ್ಣ. ಕಣ್ಣಿನ ಮೇಲೆ ಮುರಿದ ಮುಳ್ಳಿನ ಬುಡ ಕಾಣುತ್ತದೆ. ಕೆಲವರು ಕಾರ್ಗಿಲ್ ಮೀನು ಅನ್ನುತ್ತಿದ್ದಾರೆ. ಹೌದಾ?

ಉತ್ತರ: ಅಲ್ಲ. ಕಾರ್ಗಿಲ್ ಎಂದು ಕರೆಯುವುದು ಟ್ರಿಗರ್ ಮೀನನ್ನು: ಕಪ್ಪು-ನೀಲಿ ಮೈ, ಕೆಂಪು ಹಲ್ಲು, ಬಾಲದ ಎರಡೂ ತುದಿ ಉದ್ದ. ಅದರ ಬೆನ್ನಲ್ಲಿ ಮೂರು ಮುಳ್ಳು, ಮೈಮೇಲೆ ಬಿಲ್ಲೆಯಂಥ ಹುರುಪೆ. ನಿಮ್ಮದು ಫೈಲ್‌ಫಿಶ್. ಇಲ್ಲಿ ಫೈಲ್ ಅಂದರೆ ಕಚೇರಿಯ ಕಡತವಲ್ಲ, ಬಡಗಿಯ ಅರ. ಬಾಲದಿಂದ ತಲೆಯ ಕಡೆಗೆ ಬೆರಳಾಡಿಸಿ, ಹೆಸರು ಯಾಕೆ ಬಂತೆಂದು ತಿಳಿಯುತ್ತದೆ. ಜಾತಿ ಅಲ್ಯುಟೆರಸ್ ಮೊನೊಸೆರೋಸ್ ಇರಬೇಕು. ಇದರ ಮುಳ್ಳು ಸಪೂರ, ಬಲೆಯಲ್ಲಿ ಮುರಿಯುವುದು ಮಾಮೂಲು. ಎರಡನೆಯ ಮುಳ್ಳು ಇದ್ದೂ ಇಲ್ಲದಷ್ಟು ಚಿಕ್ಕದು. ಹೊಟ್ಟೆಯಡಿ ರೆಕ್ಕೆ ಇರುವುದಿಲ್ಲ. ಸುಮಾರು 76 ಸೆಂ.ಮೀ. ತನಕ ಬೆಳೆಯುತ್ತದೆ.

ಪ್ರಶ್ನೆ: ಅದೇ ಅಲ್ಯುಟೆರಸ್ ಕುಲದ ಸ್ಕ್ರಿಪ್ಟಸ್ ಜಾತಿ ಯಾಕಾಗಬಾರದು? ಬೆನ್ನುರೆಕ್ಕೆಯ ಕಡ್ಡಿ ಎಣಿಸಿದೆ, 47 ಇವೆ.

ಉತ್ತರ: ಎಣಿಕೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಮೊನೊಸೆರೋಸ್‌ಗೆ 45–52, ಸ್ಕ್ರಿಪ್ಟಸ್‌ಗೆ 43–50. ನಿಮ್ಮ 47 ಎರಡಕ್ಕೂ ಹೊಂದುತ್ತದೆ. ಸ್ಕ್ರಿಪ್ಟಸ್ ಮೈಮೇಲೆ ನೀಲಿ ಚುಕ್ಕೆ, ಗೀಚಿದಂಥ ಗೆರೆಗಳಿರುತ್ತವೆ ನಿಜ, ಆದರೆ ಸತ್ತ ಮೇಲೆ ನೀಲಿ ಮಾಸುತ್ತದೆ. ಬಾಲ ನೋಡಿ: ಮೊನೊಸೆರೋಸ್‌ನದು ತಲೆಗಿಂತ ಗಿಡ್ಡ, ತುದಿ ನೇರ ಕತ್ತರಿಸಿದಂತೆ, ಸ್ಕ್ರಿಪ್ಟಸ್‌ನದು ಪೊರಕೆಯಂತೆ ಉದ್ದ, ತುದಿ ದುಂಡಗೆ. ಬಲೆಗೆ ಸಿಕ್ಕಿ ಬಾಲ ಹರಿದಿದ್ದರೆ ಮೋಸ ಹೋಗಬೇಡಿ, ಕಡ್ಡಿಗಳ ಬುಡದಿಂದ ಉದ್ದ ಅಂದಾಜಿಸಿ.

ಪ್ರಶ್ನೆ: ಹವಳದ ಮೀನು ಟ್ರಾಲಿಗೆ ಹೇಗೆ ಬಂತು?

ಉತ್ತರ: ಹವಳಕ್ಕೇ ಅಂಟಿಕೊಂಡದ್ದಲ್ಲ. ಮರಿಗಳು ತೇಲುವ ಪಾಚಿ, ಮರದ ತುಂಡುಗಳ ಕೆಳಗೆ ನಡುಗಡಲಲ್ಲೇ ಇರುತ್ತವೆ. ದೊಡ್ಡವು ಸುಮಾರು 80 ಮೀಟರ್ ಆಳದವರೆಗೆ, ಮರಳು ತಳದಲ್ಲೂ ಓಡಾಡುತ್ತವೆ.

ಪ್ರಶ್ನೆ: ತಿನ್ನಬಹುದಾ?

ಉತ್ತರ: ಮೊನೊಸೆರೋಸ್ ತಿನ್ನುವ ಮೀನೇ. ಹುರುಪೆ ಕೆರೆಯಲು ಹೋಗಬೇಡಿ, ಏಳುವುದಿಲ್ಲ. ಚರ್ಮ ಬೆಂದರೂ ತೊಗಲೇ. ತಲೆಯ ಹಿಂದೆ ಚರ್ಮ ಮಾತ್ರ ಸೀಳುವಂತೆ ಗೀರಿ, ತುದಿ ಬಿಡಿಸಿ, ಬಟ್ಟೆಯಲ್ಲಿ ಹಿಡಿದು ಬಾಲದ ಕಡೆ ಎಳೆಯಿರಿ, ಒಂದೇ ಹಾಳೆಯಾಗಿ ಬರುತ್ತದೆ. ಕತ್ತಿ ಆಳಕ್ಕಿಳಿದರೆ ಕರುಳು ಒಡೆಯುತ್ತದೆ. ಜಾತಿಯ ಬಗ್ಗೆ ಅನುಮಾನವಿದ್ದರೆ ಬಿಟ್ಟುಬಿಡಿ: ಸ್ಕ್ರಿಪ್ಟಸ್‌ನ ಕರುಳಲ್ಲಿ ಅದು ತಿಂದ ಝೋಆಂಥಿಡ್‌ಗಳಿಂದ (ಹವಳದ ಸಂಬಂಧಿ ಜೀವಿಗಳು) ಬಂದ ಪ್ಯಾಲಿಟಾಕ್ಸಿನ್ ಎಂಬ ವಿಷ ಸಿಕ್ಕಿದೆ. ಆ ವಿಷ ಬೇಯಿಸಿದರೂ ಹೋಗುವುದಿಲ್ಲ.