ಬಿಲ್ಜ್ ಪಂಪ್ ಕೈಕೊಟ್ಟಿದೆ, ದೊಡ್ಡದು ಹಾಕಿದರೆ ಸರಿಹೋಗುತ್ತಾ?

ಪಡುಗಾಳಿ:
ನಮಸ್ಕಾರ. ನಾನು ಕುಂದಾಪುರದವನು. ಹದಿನೆಂಟು ಅಡಿಯ ಫೈಬರ್ ಬೋಟ್ ಇದೆ, 40 ಎಚ್‌ಪಿ ಔಟ್‌ಬೋರ್ಡ್, ಸೆಕೆಂಡ್ ಹ್ಯಾಂಡ್. ಮೀನುಗಾರಿಕೆಗಲ್ಲ. ಭಾನುವಾರ ಮನೆಯವರನ್ನು ಕೂರಿಸಿಕೊಂಡು ಪಂಚಗಂಗಾವಳಿಯಲ್ಲಿ ಒಂದು ಸುತ್ತು, ಗಾಳಿ ಇಲ್ಲದಿದ್ದರೆ ಅಳಿವೆ ಹತ್ತಿರದವರೆಗೆ, ಅಷ್ಟೇ.

ಕಳೆದ ವಾರ ಎರಡು ದಿನ ಜೋರು ಮಳೆ. ಮೂರನೇ ದಿನ ಹೋಗಿ ನೋಡಿದರೆ ಬೋಟಿನ ಹಿಂಭಾಗ ಕುಸಿದು ಕೂತಿದೆ, ಒಳಗೆ ಪೆಟ್ರೋಲ್ ಕ್ಯಾನ್ ತೇಲಾಡುತ್ತಿದೆ. ತಳದ ನೀರು ಹೊರಹಾಕುವ ಬಿಲ್ಜ್ ಪಂಪಿನ ಸ್ವಿಚ್ ಒತ್ತಿದರೆ ಸದ್ದೇ ಇಲ್ಲ. ಎಣ್ಣೆ ಕ್ಯಾನ್ ಕತ್ತರಿಸಿಕೊಂಡು ನಾನೂ ಭಾವನೂ ಒಂದು ಗಂಟೆ ನೀರು ಮೊಗೆದು ಹಾಕಿದೆವು. ಸೊಂಟ ಇನ್ನೂ ನೋಯುತ್ತಿದೆ.

ಹಳೆಯದು ಗಂಟೆಗೆ 500 ಗ್ಯಾಲನ್ ಎತ್ತುವ ಪಂಪ್. ಆ ಸಿಟ್ಟಿನಲ್ಲಿ 2000ದ್ದು ಆರ್ಡರ್ ಮಾಡಿದೆ. ಈಗ ನೋಡಿದರೆ ಹಳೆಯ ಪೈಪ್ 19 ಮಿ.ಮೀ., ಹೊಸ ಪಂಪಿನ ಬಾಯಿ 29. ಅಂಗಡಿಯವರು ರೆಡ್ಯೂಸರ್ ಹಾಕಿ ಅನ್ನುತ್ತಾರೆ. ನಮ್ಮ ಮನೆ ವೈರಿಂಗ್ ಮಾಡಿದ ಹುಡುಗ ಹಳೆಯ ವೈರಿಗೇ ತಿರುಚಿ ಟೇಪ್ ಸುತ್ತಿ ಕೊಡುತ್ತೇನೆ ಅಂದ. ಇಷ್ಟು ಸಾಕಾ? ಮತ್ತೆ, ಮಳೆ ನೀರಿಗೇ ಇಷ್ಟು ತುಂಬುತ್ತಾ ಅಂತ ಒಂದು ಅನುಮಾನ.

ಉಪ್ಪುವೈರ್:
ಮಾರಾಯ್ರೆ, ಮೊದಲು ಆ ಹುಡುಗನಿಗೆ ಚಾ ಕೊಟ್ಟು ಮನೆಗೆ ಕಳಿಸಿ. ಮನೆಯ ವೈರಿಂಗ್ ಬೇರೆ, ಬೋಟಿನದು ಬೇರೆ. ನಾನು ಮಲ್ಪೆ ಕಡೆ ಬೋಟ್ ವೈರಿಂಗ್ ಮಾಡುವವನು. ಪಂಪ್ ಸತ್ತಿದೆ ಅಂತ ಕರೆದ ಕಡೆ ಎಷ್ಟೋ ಸಲ ಪಂಪ್ ಸರಿಯಾಗಿಯೇ ಇರುತ್ತದೆ, ಸತ್ತಿರುವುದು ಜಾಯಿಂಟು. ಟೇಪ್ ಬಿಚ್ಚಿದರೆ ಒಳಗೆ ತಾಮ್ರ ಹಸಿರು ಪುಡಿಯಾಗಿ ಕೈಗೆ ಬರುತ್ತದೆ. ಅಲ್ಲಿಂದ ಉಪ್ಪುನೀರು ವೈರಿನ ಒಳಗೇ ಏರಿರುತ್ತದೆ, ಅರ್ಧ ಅಡಿ ಸುಲಿದರೂ ಕಪ್ಪೇ.

ಹಾಗಾಗಿ ಹಳೆಯ ಪಂಪ್ ಎಸೆಯಬೇಡಿ. ಬಿಚ್ಚಿ ತಂದು ಬಕೆಟ್ ನೀರಿನಲ್ಲಿಟ್ಟು, ನಡುವೆ ಒಂದು ಫ್ಯೂಸ್ ಹಾಕಿ, ನೇರ ಬ್ಯಾಟರಿಗೆ ಕೊಡಿ. ಓಡಿದರೆ ತಪ್ಪು ವೈರಿನದೋ ಸ್ವಿಚ್ಚಿನದೋ. ಗುಂಯ್ ಅಂದು ತಿರುಗದಿದ್ದರೆ ಇಂಪೆಲ್ಲರಿಗೆ, ಅಂದರೆ ನೀರು ತಳ್ಳುವ ರೆಕ್ಕೆಚಕ್ರಕ್ಕೆ, ಏನೋ ಸಿಕ್ಕಿಕೊಂಡಿದೆ, ಸಾಮಾನ್ಯವಾಗಿ ಗಾಳದ ದಾರ. ಕೆಳಗಿನ ಜಾಲರಿ ಒತ್ತಿದರೆ ಬಿಚ್ಚಿಕೊಳ್ಳುತ್ತದೆ, ನೋಡಿ. ಸದ್ದೇ ಇಲ್ಲದಿದ್ದರೆ ಮೋಟರ್ ಹೋಗಿದೆ ಅಂತ ಇಟ್ಟುಕೊಳ್ಳಿ.

ಹೊಸದು ಹಾಕುವಾಗ ತವರ ಲೇಪಿಸಿದ ವೈರ್ ತಗೊಳ್ಳಿ. ಜಾಯಿಂಟಿಗೆ ಒಳಗೆ ಅಂಟು ಇರುವ, ಬಿಸಿಗೆ ಕುಗ್ಗುವ ಹೀಟ್ ಶ್ರಿಂಕ್ ಕನೆಕ್ಟರ್, ಒತ್ತಿ ಬಿಸಿ ಮಾಡಿದರೆ ಎರಡೂ ತುದಿಯಲ್ಲಿ ಅಂಟು ಸ್ವಲ್ಪ ಹೊರಗೆ ಬರಬೇಕು. ಬಂದರೆ ಮಾತ್ರ ಸೀಲ್ ಆಗಿದೆ ಅಂತ. ಆ ಜಾಯಿಂಟನ್ನು ನೀರು ನಿಲ್ಲುವ ಮಟ್ಟಕ್ಕಿಂತ ಮೇಲೆ ಕಟ್ಟಿ. ಪಂಪಿನ ಜತೆ ಬರುವ ವೈರ್ ಗಿಡ್ಡ ಅಂತ ಕೆಳಗೇ ಜೋಡಿಸಿಬಿಡುತ್ತಾರೆ, ಅಲ್ಲೇ ಎಡವಟ್ಟು.

ಸಾಮಾನ್ಯವಾಗಿ ಕಂದು ವೈರ್ ಪ್ಲಸ್, ಕಪ್ಪು ಮೈನಸ್. ಉಲ್ಟಾ ಕೊಟ್ಟರೆ ಪಂಪ್ ಹಿಂದುಮುಂದಾಗಿ ತಿರುಗುತ್ತದೆ, ಸದ್ದು ಬರುತ್ತೆ ಆದರೆ ನೀರು ಸರಿಯಾಗಿ ಬರಲ್ಲ. ಒಬ್ಬರು ಇದೇ ಕಾರಣಕ್ಕೆ ಹೊಸ ಪಂಪನ್ನು ಅಂಗಡಿಗೆ ವಾಪಸ್ ಕೊಡಲು ಹೊರಟಿದ್ದರು. ಫ್ಯೂಸ್ ಎಷ್ಟರದು ಅಂತ ಪಂಪಿನ ಮೈಮೇಲೇ ಬರೆದಿರುತ್ತದೆ, ಅದನ್ನೇ ಹಾಕಿ, ಬ್ಯಾಟರಿ ಹತ್ತಿರವೇ ಹಾಕಿ. ಇಂಪೆಲ್ಲರ್ ಸಿಕ್ಕಿಕೊಂಡಾಗ ಕರೆಂಟ್ ಜಾಸ್ತಿ ಎಳೆದು ವೈರ್ ಕಾಯುತ್ತದೆ, ಪಕ್ಕದಲ್ಲಿ ಪೆಟ್ರೋಲ್ ಕ್ಯಾನ್ ಇಟ್ಟಿದ್ದೀರಿ ಬೇರೆ.

ಟ್ಯಾಂಪಾಕನ್ನಡಿಗ:
ನಾನು ಫ್ಲೋರಿಡಾದಲ್ಲಿ ಹತ್ತೊಂಬತ್ತು ಅಡಿಯ ಬೋಟ್ ಇಟ್ಟುಕೊಂಡಿದ್ದೇನೆ, ಮಳೆಗಾಲ ನಮಗೂ ಇದೆ, ಈ ಪಾಡು ಪಟ್ಟಿದ್ದೇನೆ. ರೆಡ್ಯೂಸರ್ ಬೇಡವೇ ಬೇಡ. 29ರ ಬಾಯನ್ನು 19ಕ್ಕೆ ಇಳಿಸಿದರೆ ದುಡ್ಡು ಕೊಟ್ಟ ನೀರು ಅಲ್ಲೇ ನಿಂತುಬಿಡುತ್ತದೆ. 2000 ಅಂದರೆ ಗಂಟೆಗೆ ಅಷ್ಟು ಗ್ಯಾಲನ್, ಸುಮಾರು 7,500 ಲೀಟರ್. ಅದೂ ಪೈಪ್ ಇಲ್ಲದೆ, ಎತ್ತರ ಇಲ್ಲದೆ, ಕಾರ್ಖಾನೆಯಲ್ಲಿ ಅಳೆದ ಲೆಕ್ಕ. ಮೂರಡಿ ಮೇಲೆತ್ತಿ, ಎರಡು ಮೂರು ಕಡೆ ಬಾಗಿಸಿ, ವೈರ್ ಸಣ್ಣದಾಗಿ ವೋಲ್ಟೇಜ್ ಇಳಿದರೆ ಅರ್ಧ ಸಿಕ್ಕರೂ ದೊಡ್ಡದು. ಒಳಗೆ ಏಣುಏಣು ಇರುವ ಸುಕ್ಕು ಪೈಪ್ ಅಗ್ಗ ಅಂತ ತರಬೇಡಿ, ಒಳಗೆ ನುಣ್ಣಗಿರುವ 29ರ ಪೈಪ್ ತನ್ನಿ. ಹೊರಗೆ ನೀರು ಬೀಳುವ ಫಿಟ್ಟಿಂಗನ್ನೂ ಅದೇ ಅಳತೆಗೆ ಬದಲಾಯಿಸಬೇಕಾಗುತ್ತದೆ. ಅದು ಜನ ತುಂಬಿದಾಗಲೂ ನೀರಿನ ಮಟ್ಟಕ್ಕಿಂತ ಚೆನ್ನಾಗಿ ಮೇಲಿರಲಿ, ಇಲ್ಲದಿದ್ದರೆ ಅದೇ ದಾರಿಯಲ್ಲಿ ಹೊಳೆ ಒಳಗೆ ಬರುತ್ತದೆ.

ದೊಡ್ಡ ಪಂಪಿನಲ್ಲಿ ಇನ್ನೊಂದು ಫಜೀತಿ ಇದೆ, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಪಂಪ್ ನಿಂತ ತಕ್ಷಣ ಪೈಪಿನಲ್ಲಿದ್ದ ನೀರು ವಾಪಸ್ ಬರುತ್ತದೆ. ಮೂರು ಮೀಟರಿನ 29ರ ಪೈಪಿನಲ್ಲಿ ಎರಡು ಲೀಟರ್ ಹಿಡಿಯುತ್ತದೆ. ಬೋಟಿನ ತಳ ಕಿರಿದಾಗಿದ್ದರೆ ಆ ಎರಡು ಲೀಟರಿಗೇ ಫ್ಲೋಟ್ ಸ್ವಿಚ್ (ನೀರು ಏರಿದಾಗ ತೇಲಿ ಪಂಪನ್ನು ತಾನಾಗಿ ಆನ್ ಮಾಡುವುದು) ಏಳುತ್ತದೆ, ಪಂಪ್ ಆನ್, ಖಾಲಿ, ಆಫ್, ವಾಪಸ್, ಮತ್ತೆ ಆನ್. ರಾತ್ರಿಯಿಡೀ ಹೀಗೇ ಆಡಿ ಬೆಳಿಗ್ಗೆ ನನ್ನ ಬ್ಯಾಟರಿ ಖಾಲಿಯಾಗಿತ್ತು, ಬೋಟಿನಲ್ಲಿ ಇದ್ದದ್ದು ಎರಡೇ ಲೀಟರ್ ನೀರು! ನೀರನ್ನು ವಾಪಸ್ ಬಿಡದ ಚೆಕ್ ವಾಲ್ವ್ ಹಾಕಿ ಅನ್ನುತ್ತಾರೆ, ನಾನು ಹಾಕಿ ತೆಗೆದೆ. ಕಸ ಕೂತು ಸಿಕ್ಕಿಕೊಂಡರೆ ನೀರು ಹೊರಗೇ ಹೋಗುವುದಿಲ್ಲ. ಪೈಪ್ ಆದಷ್ಟು ಗಿಡ್ಡ ಮಾಡಿ, ಫ್ಲೋಟ್ ಸ್ವಿಚ್ಚನ್ನು ಪಂಪಿಗಿಂತ ಸ್ವಲ್ಪ ಮೇಲೆ ಕೂರಿಸಿ.

ನಿಮ್ಮ ಬೋಟಿಗೆ ನಾನಾಗಿದ್ದರೆ ಕೆಳಗೆ ಸಣ್ಣದೊಂದು, ಒಂದು ಗೇಣು ಮೇಲೆ ಈ 2000ದ್ದು ಅಂತ ಎರಡು ಹಾಕುತ್ತಿದ್ದೆ. ದಿನದ ಕೆಲಸ ಸಣ್ಣದು ಮಾಡಲಿ, ದೊಡ್ಡದು ಆಪತ್ತಿಗೆ.

ಉಪ್ಪುವೈರ್:
ಇವರು ಹೇಳಿದ್ದು ಸರಿ. ಒಂದು ಸೇರಿಸುತ್ತೇನೆ, ಫ್ಲೋಟ್ ಸ್ವಿಚ್ಚಿನ ವೈರ್ ಮೇನ್ ಸ್ವಿಚ್ಚಿನ ಮೂಲಕ ಹೋಗದೆ, ತನ್ನದೇ ಫ್ಯೂಸಿನ ಮೂಲಕ ನೇರ ಬ್ಯಾಟರಿಗೆ ಹೋಗಬೇಕು. ನೀವು ಮೇನ್ ಆಫ್ ಮಾಡಿ ಮನೆಗೆ ಹೋದ ಮೇಲೇ ಅಲ್ವಾ ಮಳೆ ಬರುವುದು?

ಮಳೆಯ ಅನುಮಾನಕ್ಕೆ: ಹದಿನೆಂಟಡಿ ಬೋಟಿನ ತೆರೆದ ಭಾಗ ಎಂಟು ಚದರ ಮೀಟರ್ ಅಂತ ಹಿಡಿಯಿರಿ, 100 ಮಿ.ಮೀ. ಮಳೆ ಬಿದ್ದರೆ 800 ಲೀಟರ್. ನಮ್ಮ ಕರಾವಳಿಯಲ್ಲಿ ಒಂದೇ ದಿನಕ್ಕೆ ಅಷ್ಟು ಬೀಳುವುದು ಹೊಸತಲ್ಲ. ಮೇಲೆ ಟಾರ್ಪಲ್ ಕಟ್ಟಿರಲಿಲ್ವಾ?

ಪಡುಗಾಳಿ:
ಕಟ್ಟಿದ್ದೆ, ಅದಕ್ಕೇ ಅನುಮಾನ. ಗಾಳಿಗೆ ಒಂದು ಮೂಲೆ ಮಾತ್ರ ಬಿಚ್ಚಿತ್ತು.

ಉಪ್ಪುವೈರ್:
ಹಾಗಾದರೆ ಮಳೆ ಒಂದೇ ಅಲ್ಲ. ಬೋಟನ್ನು ಟ್ರೇಲರಿಗೆ ಎಳೆದು, ಹೊರಮೈ ಬಟ್ಟೆಯಲ್ಲಿ ಒರೆಸಿ, ಒಳಗೆ ನೀರು ಬಿಡಿ. ಹತ್ತು ಹದಿನೈದು ಕೊಡ ಸಾಕು, ಜಾಸ್ತಿ ಬಿಟ್ಟರೆ ಟ್ರೇಲರಿಗೆ ಭಾರ. ಒಳಗಿನದು ಎಲ್ಲಿ ಹೊರಗೆ ಜಿನುಗುತ್ತದೋ ಹೊರಗಿನದೂ ಅಲ್ಲೇ ಒಳಗೆ ಬರುತ್ತದೆ. ನೀರಿನ ಮಟ್ಟದಿಂದ ಒಂದಡಿ ಕೆಳಗೆ ಒಂದಿಂಚಿನ ತೂತು ಇದ್ದರೆ ಗಂಟೆಗೆ ಎರಡೂವರೆ ಸಾವಿರ ಲೀಟರಿಗೂ ಜಾಸ್ತಿ ನುಗ್ಗುತ್ತದೆ. ಅದಕ್ಕೆ ಪಂಪ್ ಮದ್ದಲ್ಲ.

ಹೊಸ ಪಂಪಿನ ತಳವನ್ನು ನೇರ ಬೋಟಿನ ತಳಕ್ಕೆ ಸ್ಕ್ರೂ ಹೊಡೆಯಬೇಡಿ ಮತ್ತೆ. ರೆಸಿನ್ ಬಳಿದ ಸಣ್ಣ ಪ್ಲೈವುಡ್ ತುಂಡನ್ನು ಅಂಟಿಸಿ, ಅದಕ್ಕೆ ಗಿಡ್ಡ ಸ್ಕ್ರೂ ಹೊಡೆಯಿರಿ.

ಪಡುಗಾಳಿ:
ನಿನ್ನೆ ಎಲ್ಲ ಬಿಚ್ಚಿದೆವು. ಹಳೆಯ ಪಂಪ್ ನೇರ ಬ್ಯಾಟರಿಗೆ ಕೊಟ್ಟರೆ ಗುಂಯ್ ಅಂತು, ತಿರುಗಲಿಲ್ಲ. ಇಂಪೆಲ್ಲರಿನ ಹಿಂದೆ ಗಾಳದ ದಾರ ದಾರದುಂಡೆಯ ಹಾಗೆ ಸುತ್ತಿತ್ತು, ಬಿಡಿಸಿದರೆ ಶಾಫ್ಟಿನ ಸೀಲ್ ಹರಿದು ಮೋಟರಿಗೆ ನೀರು ಹೋಗಿದೆ. ಅದು ಮುಗಿಯಿತು. ಸ್ವಿಚ್ ಒತ್ತಿದಾಗ ಆ ಗುಂಯ್ ಕೂಡ ಬಾರದಿದ್ದದ್ದು ಯಾಕೆ ಅಂತ ಟೇಪ್ ಬಿಚ್ಚಿದರೆ ಅದೇ ಹಸಿರು ಪುಡಿ.

ಟ್ರೇಲರಿನ ಮೇಲೆ ಹನ್ನೆರಡು ಕೊಡ ನೀರು ಬಿಟ್ಟೆವು. ಹತ್ತು ನಿಮಿಷ ಎಲ್ಲೂ ಏನೂ ಇಲ್ಲ. ಆಮೇಲೆ ಭಾವ ಹಿಂದೆ ಕೂತು ಬೀಡಿ ಹಚ್ಚುವಾಗ ನೋಡಿದ, ನೀರು ಖಾಲಿ ಮಾಡಲು ಹಿಂಭಾಗದಲ್ಲಿ ಇರುತ್ತಲ್ಲ ಆ ಬಿರಡೆ, ಅದರ ಸುತ್ತ ಹನಿ ಹನಿ. ರಬ್ಬರ್ ವಾಷರ್ ಕಲ್ಲಾಗಿ ಬಿರುಕು ಬಿಟ್ಟಿತ್ತು. ಹೊಸ ವಾಷರಿಗೆ ಇಪ್ಪತ್ತು ರೂಪಾಯಿ. 2000ದ ಪಂಪ್ ಇಟ್ಟುಕೊಂಡಿದ್ದೇನೆ, ಕೆಳಗೆ ಹಾಕಲು ಒಂದು ಸಣ್ಣದಕ್ಕೂ ಹೇಳಿದ್ದೇನೆ, ಪೈಪ್ ನುಣ್ಣಗಿನದೇ. ತವರ ಲೇಪಿಸಿದ ವೈರ್ ಕುಂದಾಪುರದಲ್ಲಿ ಸಿಗಲಿಲ್ಲ. ಮಲ್ಪೆಗೆ ಬಂದರೆ ಸಿಗುತ್ತಾ ಅಣ್ಣ?

ಉಪ್ಪುವೈರ್:
ಸಿಗುತ್ತೆ. ಬರುವ ಮೊದಲು ಬ್ಯಾಟರಿಯಿಂದ ಪಂಪಿನವರೆಗೆ ಹಗ್ಗ ಹಿಡಿದು ಅಳೆದುಕೊಂಡು ಬನ್ನಿ, ಹೋಗಿ ಬರುವ ಎರಡೂ ವೈರಿನ ಉದ್ದ ಸೇರಿಸಿ. ಸುಮ್ನೆ ಅಂದಾಜಿಗೆ ತಗೊಂಡರೆ ಯಾವಾಗಲೂ ಒಂದು ಮೊಳ ಕಡಿಮೆ ಬೀಳುತ್ತದೆ, ಆಮೇಲೆ ಮತ್ತೆ ಜಾಯಿಂಟ್.