11 ವರ್ಷದಿಂದ ನಿಂತಿರುವ ಟಾಟಾ 1210: ಸೆಲ್ಫ್ ಹೊಡೆಯಬಹುದಾ?

ಆನಗೋಡು ಹುಡುಗ

ಎಲ್ಲರಿಗೂ ನಮಸ್ಕಾರ. ನಮ್ಮದು ದಾವಣಗೆರೆ ಹತ್ತಿರ, ಆನಗೋಡು ಕಡೆ ಹಳ್ಳಿ. ಅಪ್ಪನ ಲಾರಿ ನಮ್ಮ ಕಣದ ಪಕ್ಕ ಹುಣಸೆ ಮರದ ಕೆಳಗೆ 11 ವರ್ಷದಿಂದ ನಿಂತಿದೆ. ಟಾಟಾ 1210, 1989ರ ಗಾಡಿ. ಅಪ್ಪನಿಗೆ ಮಂಡಿನೋವು ಜಾಸ್ತಿಯಾದ ವರ್ಷ ಎಪಿಎಂಸಿಗೆ ಮೆಕ್ಕೆಜೋಳ ಇಳಿಸಿ ಬಂದು ನಿಲ್ಲಿಸಿದ್ದು. "ಮುಂದಿನ ಸುಗ್ಗಿಗೆ ನೋಡೋಣ" ಅಂದಿದ್ದರು. ಅಂಥ ಸುಗ್ಗಿ ಹನ್ನೊಂದು ಹೋದವು.

ಹೋದ ವಾರ ಗುಜರಿಯವನು ಬಂದು ಕಬ್ಬಿಣದ ತೂಕದ ಲೆಕ್ಕದಲ್ಲಿ ರೇಟು ಹೇಳಿ ಹೋದ. ಭಾವ "ಕೊಟ್ಟು ಕೈತೊಳಕೋ" ಅಂತಾರೆ. ಅಪ್ಪ ಏನೂ ಮಾತಾಡಲಿಲ್ಲ. ಮಾರನೇ ದಿನ ಬೆಳಗ್ಗೆ ನೋಡಿದರೆ ಕ್ಯಾಬಿನ್ ಒಳಗೆ ಕೂತು ಹಳೇ ಬನಿಯನ್ ತುಂಡಿನಲ್ಲಿ ಸ್ಟೇರಿಂಗ್ ಒರೆಸುತ್ತಿದ್ದರು. "ಒಂದ್ಸಲ ಚಾಲೂ ಮಾಡಿ ನೋಡಲೇ, ಆಮೇಲೆ ಯಾರಿಗಾದ್ರೂ ಕೊಡು" ಅಂದರು.

ನಾನು ಊರಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟವನು. ದೊಡ್ಡ ಪಾನಾ ಹಿಡಿದು ಅಭ್ಯಾಸ ಇಲ್ಲ. ಕಣ್ಣಿಗೆ ಕಂಡದ್ದು ಇಷ್ಟು: ಬ್ಯಾಟರಿ ಇಲ್ಲ. ರೇಡಿಯೇಟರ್ ಒಣಗಿದೆ, ಕೆಳಗಿನ ಪೈಪ್ ಬಿರಿದಿದೆ. ಟ್ಯಾಂಕಿನಲ್ಲಿ ಕಾಲುಭಾಗ ಡೀಸೆಲ್ ಇದೆ, ಆದರೆ ವಾಸನೆ ಡೀಸೆಲ್‌ನದ್ದಲ್ಲ, ಪೇಂಟ್ ಅಂಗಡಿ ವಾಸನೆ. ಎಂಜಿನ್ ಮುಂದಿನ ದೊಡ್ಡ ಪುಲ್ಲಿ ಕೈಗೆ ಜಗ್ಗುತ್ತಿಲ್ಲ.

ನನ್ನ ಪ್ಲಾನು: ಆಯಿಲ್ ಬದಲಿಸುವುದು, ಹೊಸ ಡೀಸೆಲ್, ಬಾಡಿಗೆ ಬ್ಯಾಟರಿ, ಸೆಲ್ಫ್. ಪಕ್ಕದ ಹೊಲದವರು "ಟ್ರ್ಯಾಕ್ಟರ್‌ಗೆ ಕಟ್ಟಿ ಎಳೆದರೆ ತಾನೇ ಎದ್ದು ಕೂರುತ್ತೆ" ಅಂತಾರೆ. ಏನು ಮಾಡಲಿ?

ಹರಿಹರ 1613

ತಲೆ ಕೆಡಿಸಿಕೊಳ್ಳಬೇಡಿ ಗುರು. ಏರ್ ಕ್ಲೀನರ್ ಪೈಪ್ ಬಿಚ್ಚಿ ಒಂದು ಮುಚ್ಚಳ ಪೆಟ್ರೋಲ್ ಚಿಮುಕಿಸಿ ಸೆಲ್ಫ್ ಹೊಡೀರಿ. ನಮ್ಮ ಡ್ರೈವರ್‌ಗಳು ಚಳಿಗಾಲದಲ್ಲಿ ಹಾಗೇ ಮಾಡ್ತಿದ್ರು. ಟಾಟಾ ಎಂಜಿನ್ ಅಷ್ಟು ಸುಲಭಕ್ಕೆ ಸಾಯಲ್ಲ.

ದುರ್ಗದ ಪಂಪ್ ಮೇಸ್ತ್ರಿ

ತಮ್ಮಾ, ಪೆಟ್ರೋಲೂ ಬೇಡ, ಟ್ರ್ಯಾಕ್ಟರೂ ಬೇಡ. ಬ್ಯಾಟರಿ ಬಾಡಿಗೆಗೂ ಈಗಲೇ ದುಡ್ಡು ಕೊಡಬೇಡ.

ನಾನು ಚಿತ್ರದುರ್ಗದಲ್ಲಿ ಎಂಜಿನ್ನಿಗೆ ಡೀಸೆಲ್ ತಳ್ಳುವ ಪಂಪ್, ಅದನ್ನು ಸಿಲಿಂಡರಿನೊಳಗೆ ಚಿಮ್ಮಿಸುವ ನಾಜಲ್, ಇವುಗಳ ಕೆಲಸ ಮಾಡಿಕೊಂಡು ಬಂದವನು. ಈಗ ಕಣ್ಣು ಮಂಜು. ನಾನು ಹೇಳುತ್ತೇನೆ, ಮೊಮ್ಮಗಳು ಟೈಪ್ ಮಾಡುತ್ತಾಳೆ. ಅಕ್ಷರ ತಪ್ಪಿದ್ದರೆ ಅವಳದ್ದು, ಕೆಲಸ ತಪ್ಪಿದ್ದರೆ ನನ್ನದು.

ನಿಮ್ಮ ಗಾಡಿಯಲ್ಲಿ ಇರುವುದು 692 ಎಂಜಿನ್ ಇರಬೇಕು. ಆರು ಸಿಲಿಂಡರ್, 92 ಮಿ.ಮೀ. ಬೋರ್ (ಸಿಲಿಂಡರಿನ ಒಳ ಅಗಲ), ಅದಕ್ಕೇ ಆ ಹೆಸರು. 697 ಅಂದರೆ 97 ಮಿ.ಮೀ. ಟಾಟಾದವರು 1954ರಲ್ಲಿ ಬೆಂಝ್ ಕಂಪನಿ ಜೊತೆ ಸೇರಿ ಲಾರಿ ಮಾಡಲು ಶುರುಮಾಡಿದರಲ್ಲ, 1969ರವರೆಗೆ ಆ ಒಪ್ಪಂದ ಇತ್ತು. ಈ ಎಂಜಿನ್‌ಗಳು ಅದೇ ವಂಶದವು. ಗಟ್ಟಿ ಹೌದು. ಆದರೆ ಹನ್ನೊಂದು ಮಳೆಗಾಲ ಮರದ ಕೆಳಗೆ ಕಂಡಿದ್ದು ಯಾವ ಎಂಜಿನ್ ಆದರೂ ಒಂದೇ.

ಪುಲ್ಲಿ ಯಾಕೆ ಜಗ್ಗುತ್ತಿಲ್ಲ ಅಂದರೆ, ಎಂಜಿನ್ ನಿಂತಾಗ ಯಾವುದೋ ಒಂದೆರಡು ಸಿಲಿಂಡರ್‌ಗಳ ವಾಲ್ವ್ ತೆರೆದೇ ಇರುತ್ತದೆ. ಅಲ್ಲಿಂದ ತೇವ ಒಳಗೆ ಹೋಗಿ ಪಿಸ್ಟನ್ ರಿಂಗು, ಸಿಲಿಂಡರಿನ ಒಳಗೋಡೆಯ ಲೈನರ್ ಎರಡೂ ತುಕ್ಕಿನಲ್ಲಿ ಅಂಟಿಕೊಂಡಿರುತ್ತವೆ. ಈಗ ಟ್ರ್ಯಾಕ್ಟರ್ ಕಟ್ಟಿ ಎಳೆದರೆ ಒಂದೋ ಚಕ್ರ ಉರುಳದೆ ಉಜ್ಜುತ್ತದೆ, ಇಲ್ಲವೇ ರಿಂಗು ಮುರಿಯುತ್ತದೆ. ಪೆಟ್ರೋಲ್ ಅಂತೂ ಡೀಸೆಲ್ ಎಂಜಿನ್ನಿನಲ್ಲಿ ಹೊತ್ತು ಗೊತ್ತಿಲ್ಲದೆ ಸಿಡಿಯುತ್ತದೆ. ಹರಿಹರದವರೇ, ನಿಮ್ಮ ಡ್ರೈವರ್‌ಗಳು ಮಾಡಿದ್ದು ಹಿಂದಿನ ರಾತ್ರಿವರೆಗೂ ಓಡಿದ ಗಾಡಿಗೆ.

ಆರೂ ನಾಜಲ್ ಬಿಚ್ಚು. ಪೈಪಿಗೆಲ್ಲ ನಂಬರ್ ಚೀಟಿ ಅಂಟಿಸು, ಬಾಯಿಗೆ ಬಟ್ಟೆ ತುರುಕಬೇಡ, ಪ್ಲಾಸ್ಟಿಕ್ ಕಟ್ಟು. ಒಂದೊಂದು ತೂತಿಗೂ ಅರ್ಧ ಡೀಸೆಲ್, ಅರ್ಧ ಎಂಜಿನ್ ಆಯಿಲ್ ಬೆರೆಸಿ ಸ್ವಲ್ಪ ಬಿಡು. ನಾಲ್ಕೈದು ದಿನ ಹಾಗೇ ಬಿಟ್ಟುಬಿಡು. ಸಂಜೆ ಹೋಗಿ ಇನ್ನಷ್ಟು ಬಿಡು. ಆಮೇಲೆ ಮುಂದಿನ ಪುಲ್ಲಿಯ ನಟ್ಟಿಗೆ ದೊಡ್ಡ ಪಾನಾ ಹಾಕಿ ಹಿಂದಕ್ಕೂ ಮುಂದಕ್ಕೂ ಅಲ್ಲಾಡಿಸು. ಮೈಮೇಲೆ ಬಿದ್ದು ಒತ್ತಬೇಡ. ಒಂದು ಕೂದಲೆಳೆ ಅಲ್ಲಾಡಿದರೂ ಅವತ್ತಿಗೆ ಸಾಕು.

ನಾಜಲ್ ಬಿಚ್ಚಿಯೇ ತಿರುಗಿಸಬೇಕು, ಯಾಕೆ ಗೊತ್ತಾ? ಆ ಎಂಜಿನ್ನಿನ ಒಂದು ಸಿಲಿಂಡರ್ ಸುಮಾರು 800 ಸಿಸಿ. ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ 50 ಸಿಸಿ ಆಸುಪಾಸು, ಅಂದರೆ ಅರ್ಧ ಟೀ ಲೋಟ. ನೀನು ಬಿಟ್ಟ ಎಣ್ಣೆ ಅದಕ್ಕಿಂತ ಜಾಸ್ತಿ ಇದ್ದು, ನಾಜಲ್ ಬಿಗಿದು ಸೆಲ್ಫ್ ಹೊಡೆದರೆ ಎಣ್ಣೆ ಕುಗ್ಗಲ್ಲ, ಕನೆಕ್ಟಿಂಗ್ ರಾಡ್ ಬಗ್ಗುತ್ತದೆ.

ಇನ್ನು ಪಂಪ್. ಇದನ್ನು ಹೇಳಲಿಕ್ಕೇ ಇಷ್ಟು ಉದ್ದ ಬರೆಸುತ್ತಿದ್ದೇನೆ.

ಚಳ್ಳಕೆರೆಯಲ್ಲಿ ಒಂದು ಎಣ್ಣೆ ಮಿಲ್ಲಿನ ಲಾರಿ ಅಣ್ಣತಮ್ಮಂದಿರ ಪಾಲು ಜಗಳದಲ್ಲಿ ಆರು ವರ್ಷ ನಿಂತಿತ್ತು. ನನ್ನನ್ನು ಕರೆಸಿದರು. ಆಗ ನನಗೆ ಮೀಸೆ ಚಿಗುರಿದ ಹೊಸತು, ಗೊತ್ತಿಲ್ಲದ್ದು ಯಾವುದೂ ಇಲ್ಲ ಅನ್ನುವ ವಯಸ್ಸು. ಎಂಜಿನ್ ಬಿಡಿಸಿದೆ, ಆಯಿಲ್ ಹಾಕಿದೆ, ಡೀಸೆಲ್ ದಾರಿಯಲ್ಲಿ ಸೇರಿದ ಏರ್ ತೆಗೆದೆ. ಪಂಪಿನ ಪಕ್ಕದ ಮುಚ್ಚಳ ಮಾತ್ರ ಬಿಚ್ಚಿ ನೋಡಲಿಲ್ಲ. ಸೆಲ್ಫ್ ಮುಟ್ಟಿದ ತಕ್ಷಣ ಗಾಡಿ ಎದ್ದಿತು. ಎಲ್ಲರೂ ಕೈ ತಟ್ಟಿದರು. ಎರಡನೇ ಚಪ್ಪಾಳೆಗೆ ಮುಂಚೆ ಎಂಜಿನ್ ಕೂಗಲು ಶುರುಮಾಡಿತು. ಆಕ್ಸಿಲೇಟರ್ ಮೇಲೆ ಯಾರೂ ಕಾಲಿಟ್ಟಿಲ್ಲ. ಸ್ಟಾಪ್ ಕೇಬಲ್ ಎಳೆದೆ, ಕೇಬಲ್ ಕೈಗೇ ಬಂತು. ಒಬ್ಬ ಗೋಣಿಚೀಲ ತಂದು ಗಾಳಿ ಹೋಗುವ ಬಾಯಿಗೆ ಒತ್ತಿದ, ಚೀಲದ ಅರ್ಧ ಒಳಗೇ ಹೋಯಿತು. ಕೊನೆಗೆ ಮಿಲ್ಲಿನ ಗೋಡೆ ಆಚೆ ನಿಂತು ಶಬ್ದ ಕೇಳಿದೆವು, ಅಷ್ಟೇ. ರಾಡ್ ಬ್ಲಾಕ್ ಒಡೆದು ಹೊರಗೆ ಬಂದಿತ್ತು. ಮಾಲೀಕರು ಒಂದು ಮಾತು ಬೈಯಲಿಲ್ಲ. ಎರಡು ವರ್ಷ ಅವರ ಬೇರೆ ಗಾಡಿಗಳ ಪಂಪ್ ಕೆಲಸ ಪುಕ್ಕಟೆ ಮಾಡಿಕೊಟ್ಟೆ.

ಆಗಿದ್ದು ಇಷ್ಟೇ. ಡೀಸೆಲ್ ಒತ್ತುವ ಆರು ಪ್ಲಂಜರ್‌ಗಳನ್ನೂ ಒಟ್ಟಿಗೆ ತಿರುಗಿಸಿ ಡೀಸೆಲ್ ಹೆಚ್ಚು ಕಡಿಮೆ ಮಾಡುವ ಉದ್ದನೆಯ ಹಲ್ಲಿನ ಸರಳು ಪಂಪಿನೊಳಗೆ ಇರುತ್ತದೆ, ಅದಕ್ಕೆ ರ‍್ಯಾಕ್ ಅಂತಾರೆ. ಎಂಜಿನ್ ನಿಂತ ಮೇಲೆ ವೇಗ ಹಿಡಿತದಲ್ಲಿಡುವ ಗವರ್ನರಿನ ಸ್ಪ್ರಿಂಗು ಅದನ್ನು ಸಾಮಾನ್ಯವಾಗಿ ಡೀಸೆಲ್ ಕೊಡುವ ಕಡೆಗೇ ತಳ್ಳಿ ಇಟ್ಟಿರುತ್ತದೆ. ಹಳೇ ಡೀಸೆಲ್ ಒಣಗಿ ಅಂಟಾಗಿ ಅದನ್ನು ಅಲ್ಲೇ ಹಿಡಿದುಬಿಡುತ್ತದೆ. ನಿನ್ನ ಟ್ಯಾಂಕಿನ ಪೇಂಟ್ ವಾಸನೆ ಅದೇ ಅಂಟು.

ಪಂಪಿನ ಪಕ್ಕದ ಮುಚ್ಚಳಕ್ಕೆ ಎರಡೇ ಸ್ಕ್ರೂ. ಬಿಚ್ಚಿ ಬ್ಯಾಟರಿ ಬಿಟ್ಟು ನೋಡು (ಟಾರ್ಚ್ ಅಂತ ಹೇಳಿದೆ, ಮೊಮ್ಮಗಳು ಏನೋ ಟೈಪ್ ಮಾಡಿದಳು). ರ‍್ಯಾಕ್ ತುದಿಯನ್ನು ಬೆರಳಿಂದ ತಳ್ಳಿದರೆ ಹೋಗಬೇಕು, ಬಿಟ್ಟರೆ ವಾಪಸ್ ಬರಬೇಕು. ಬೆಣ್ಣೆಯಲ್ಲಿ ಕಡ್ಡಿ ಆಡಿದ ಹಾಗೆ. ಪಂಪಿನ ಹಿಂಬದಿ ದುಂಡು ತಟ್ಟೆಯಂಥ ಡಬ್ಬಿ ಇದ್ದರೆ ಅದು ಗಾಳಿ ಎಳೆತದ ಗವರ್ನರ್. ಒಳಗಿನ ಪರದೆ ಹರಿದಿದ್ದರೂ ಎಂಜಿನ್ ಹೀಗೇ ಕೈ ಮೀರುತ್ತದೆ. ರ‍್ಯಾಕ್ ಅಂಟಿದ್ದರೆ ಪಂಪ್ ಇಳಿಸಿ ಶಾಪಿಗೆ ಕೊಡು. ಇಳಿಸುವ ಮುಂಚೆ ಪಂಪನ್ನು ಎಂಜಿನ್ನಿಗೆ ಜೋಡಿಸುವ ಕಪ್ಲಿಂಗ್ ಮೇಲೆ ಉಳಿಯಲ್ಲಿ ಗುರುತು ಹಾಕು, ಇಲ್ಲದಿದ್ದರೆ ಟೈಮಿಂಗ್ ಹುಡುಕುತ್ತಾ ಇನ್ನೊಂದು ಸುಗ್ಗಿ ಹೋಗುತ್ತದೆ.

ಇಷ್ಟಾದ ಮೇಲೆ ಕೇಳು, ಮುಂದಿನದ್ದು ಹೇಳುತ್ತೇನೆ.

ಚಳ್ಳಕೆರೆ ಡ್ರೈವರ್

ಮೇಸ್ತ್ರಿ ಹೇಳಿದ ಮೇಲೆ ನನ್ನದು ಏನಿದೆ. ಒಂದು ಸೇರಿಸ್ತೀನಿ. ಏರ್ ಕ್ಲೀನರ್ ಬಿಚ್ಚಿ ನೋಡಿ. ಮೆಕ್ಕೆಜೋಳದ ಗಾಡಿ ಅಂದ್ರಿ, ಇಲಿ ಇಲ್ಲದೆ ಇರಲ್ಲ. ನನ್ನ ಗಾಡಿ ಎರಡು ವರ್ಷ ನಿಂತಾಗ ಎಣ್ಣೆ ಬಟ್ಟಲಿನೊಳಗೆ ಗೋಣಿ ನಾರು, ಜೋಳದ ದಿಂಡು, ಒಂದು ಮಗುವಿನ ಕಾಲ್ಚೀಲ ಸಿಕ್ಕಿತ್ತು. ಸೈಲೆನ್ಸರ್ ಬಾಯಿಗೆ ಕಣಜದ ಹುಳ ಮಣ್ಣು ಮೆತ್ತಿರುತ್ತೆ, ಸರಳು ಹಾಕಿ ತಿವಿಯಿರಿ. ವೈರು ಕಡಿದಿದ್ದರೆ ಬ್ಯಾಟರಿ ಕೊಟ್ಟ ತಕ್ಷಣ ಹೊಗೆ ಬರುತ್ತೆ, ಮೊದಲು ಅದನ್ನ ನೋಡಿ.

ಆನಗೋಡು ಹುಡುಗ

ಒಂಬತ್ತು ದಿನ ಆಯ್ತು. ಏಳನೇ ದಿನ ಸಂಜೆ ಪುಲ್ಲಿ ಅಲ್ಲಾಡಿತು! ಒಂದು ಇಂಚು ಇರಬಹುದು. ನಾನು ಕೂಗಿದ್ದಕ್ಕೆ ಅಮ್ಮ ಹಾವು ಅಂತ ಓಡಿಬಂದರು. ನಿನ್ನೆ ಎರಡು ಸುತ್ತು ಪೂರ್ತಿ ತಿರುಗಿತು.

ಏರ್ ಕ್ಲೀನರ್‌ನಲ್ಲಿ ಕಾಲ್ಚೀಲ ಸಿಗಲಿಲ್ಲ ಅಣ್ಣ, ಎಪಿಎಂಸಿ ತೂಕದ ಚೀಟಿಗಳು ಸಿಕ್ಕವು. ಇಲಿ ಕಡಿದ ಚೂರು. ಅಪ್ಪ ಒಂದನ್ನು ಜೇಬಿಗೆ ಹಾಕಿಕೊಂಡರು.

ಮೇಸ್ತ್ರಿಯವರೇ, ರ‍್ಯಾಕ್ ಅಂಟಿತ್ತು. ಬೆರಳಿಗೆ ಬಗ್ಗಲೇ ಇಲ್ಲ. ಮುಚ್ಚಳದ ಒಳಗೆ ಬೆಲ್ಲದ ಪಾಕದಂಥ ಕಂದು ಅಂಟು. ಗುರುತು ಹಾಕಿ ಇಳಿಸಿ ದಾವಣಗೆರೆಯ ಪಂಪ್ ಶಾಪಿಗೆ ಕೊಟ್ಟಿದ್ದೇನೆ. ಈಗ ಒಂದು ಹೆದರಿಕೆ: ಆಯಿಲ್ ಪ್ಲಗ್ ಸಡಿಲ ಮಾಡಿದರೆ ಮೊದಲು ಒಂದು ಲೋಟದಷ್ಟು ನೀರು ಬಂತು, ಆಮೇಲೆ ಕಪ್ಪು ಆಯಿಲ್. ಹೆಡ್ ಗ್ಯಾಸ್ಕೆಟ್ (ಎಂಜಿನ್ ತಲೆಯ ಕೆಳಗೆ ನೀರು, ಆಯಿಲ್ ಬೆರೆಯದಂತೆ ತಡೆಯುವ ಹಾಳೆ) ಹೋಗಿದೆಯಾ?

ದುರ್ಗದ ಪಂಪ್ ಮೇಸ್ತ್ರಿ

ಶಬಾಷ್. ಪ್ಲಗ್ ಪೂರ್ತಿ ಬಿಚ್ಚದೆ ಸಡಿಲ ಮಾಡಿ ನೋಡಿದ್ದು ಜಾಣತನ. ನೀರು ಭಾರ, ಅದಕ್ಕೇ ತಳದಲ್ಲಿ ಕೂತು ಮೊದಲು ಬರುತ್ತದೆ. ಆಯಿಲ್ ಕಪ್ಪಗೇ ಬಂತು ಅಂದೆಯಲ್ಲ, ಮಜ್ಜಿಗೆ ಥರ ಬೆಳ್ಳಗಾಗಿಲ್ಲ, ಹಾಗಾದರೆ ಬಿಸಿಲು ಚಳಿಗೆ ಬೆವೆತ ನೀರು ಇರಬಹುದು. ಹೀಗೆ ಪರೀಕ್ಷೆ ಮಾಡು: ಹಳೇ ಆಯಿಲ್ ಪೂರ್ತಿ ತೆಗೆ. ರೇಡಿಯೇಟರ್ ಪೈಪ್ ಹೊಸದು ಹಾಕಿ ನೀರು ತುಂಬಿಸು. ಆಯಿಲ್ ಪ್ಲಗ್ ಬಿಚ್ಚೇ ಇಟ್ಟು ಕೆಳಗೆ ತಟ್ಟೆ ಇಟ್ಟು ಮಲಗು. ಬೆಳಗ್ಗೆ ತಟ್ಟೆಯಲ್ಲಿ ನೀರಿದ್ದರೆ ಹೆಡ್ ಬಿಚ್ಚಲೇಬೇಕು. ಇಲ್ಲದಿದ್ದರೆ ಹೊಸ ಆಯಿಲ್ ಹಾಕು.

ಪಂಪ್ ಬಂದ ಮೇಲೆ ಹಳೇ ಟ್ಯಾಂಕಿನ ಸಹವಾಸ ಬೇಡ. ಹತ್ತು ಲೀಟರ್ ಕ್ಯಾನು ಎಂಜಿನ್‌ಗಿಂತ ಎತ್ತರಕ್ಕೆ ಕಟ್ಟಿ ಅಲ್ಲಿಂದ ಪೈಪ್ ಕೊಡು. ಫಿಲ್ಟರ್ ಎರಡೂ ಹೊಸದು. ದೊಡ್ಡ ಪಂಪಿಗೆ ಡೀಸೆಲ್ ಎಳೆದುಕೊಡುವ ಸಣ್ಣ ಫೀಡ್ ಪಂಪಿನ ಗುಂಡಿ ಒತ್ತುತ್ತಾ ಮೊದಲು ಫಿಲ್ಟರ್ ಮೇಲಿನ ಸ್ಕ್ರೂ, ಆಮೇಲೆ ಪಂಪಿನ ಸ್ಕ್ರೂ. ಗುಳ್ಳೆ ನಿಂತು ಬರೀ ಡೀಸೆಲ್ ಬರುವವರೆಗೆ ಏರ್ ತೆಗೆ.

ಬ್ಯಾಟರಿ ತರುವ ಮುಂಚೆ ಸೆಲ್ಫ್ ಮೋಟಾರಿನ ಮೇಲಿನ ತಗಡು ಒರೆಸಿ 12 ಅಂತ ಇದೆಯೋ 24 ಅಂತ ಇದೆಯೋ ಓದು. ಯಾರೋ ಹೇಳಿದ್ದು ನಂಬಬೇಡ. ನಾಜಲ್ ಹಾಕದೆ, ಸ್ಟಾಪ್ ಕೇಬಲ್ ಎಳೆದಿಟ್ಟು ಸೆಲ್ಫ್ ಹೊಡಿ. ಹತ್ತು ಸೆಕೆಂಡ್ ಹೊಡಿ, ಎರಡು ನಿಮಿಷ ಬಿಡು. ಸಿಲಿಂಡರ್ ಎಣ್ಣೆ ಕಾರಂಜಿ ಥರ ಚಿಮ್ಮುತ್ತದೆ, ಮುಖ ಅಡ್ಡ ಇಡಬೇಡ. ಆಯಿಲ್ ಗೇಜ್ ಮುಳ್ಳು ಏಳುವವರೆಗೆ ಇದೇ ಕೆಲಸ. ಮುಳ್ಳು ಎದ್ದ ಮೇಲೆ ನಾಜಲ್.

ಸ್ಟಾರ್ಟ್ ಮಾಡುವ ದಿನ ಗಾಳಿ ಬಾಯಿ ಹತ್ತಿರ ಒಬ್ಬ ದಪ್ಪ ಹಲಗೆ ಹಿಡಿದು ನಿಂತಿರಬೇಕು. ಹಲಗೆಗೆ ಹಳೇ ಟ್ಯೂಬಿನ ರಬ್ಬರ್ ಮೊಳೆ ಹೊಡಿ, ಗಾಳಿ ನುಸುಳಲ್ಲ. ಚೀಲ ಬೇಡ, ಕೈ ಅಂತೂ ಬೇಡವೇ ಬೇಡ.

ಆನಗೋಡು ಹುಡುಗ

ತಡವಾಗಿದ್ದಕ್ಕೆ ಕ್ಷಮಿಸಿ, ಪಂಪ್ ಶಾಪಿನಲ್ಲಿ ಹದಿನೈದು ದಿನ ಹಿಡಿಯಿತು. ತಟ್ಟೆಯಲ್ಲಿ ನೀರು ಬರಲಿಲ್ಲ. ಸೆಲ್ಫ್ ಮೇಲಿನ ತಗಡೂ ಓದಿಯೇ ಬ್ಯಾಟರಿ ತಂದೆ.

ನಿನ್ನೆ ಭಾನುವಾರ ಎಂಟು ಗಂಟೆಗೆ ಮಾಡಿದೆವು. ಹಲಗೆ ಹಿಡಿಯಲು ಭಾವನನ್ನೇ ನಿಲ್ಲಿಸಿದೆ. ಗುಜರಿಗೆ ಕೊಡು ಅಂದವರು ಅವರೇ ಅಲ್ವಾ. ಅಪ್ಪನಿಗೆ ಸೆಲ್ಫ್ ಕೊಡೋಣ ಅಂತ ಇದ್ದೆ. ಅವರು ಬೇಡ ಅಂದರು. "ನೀ ಹೊಡಿ. ನಾ ಸ್ಟಾಪ್ ಹಿಡಕಂತೀನಿ" ಅಂತ ನಿಮ್ಮ ಚಳ್ಳಕೆರೆ ಕಥೆ ಪೂರ್ತಿ ಓದಿಸಿಕೊಂಡವರ ಥರ ಕೇಬಲ್ ಹಿಡಿದು ಕೂತರು. (ಓದಿ ಹೇಳಿದ್ದೆ.)

ಮೂರು ಸಲ ಏನೂ ಇಲ್ಲ. ನಾಲ್ಕನೇ ಸಲ ಒಂದು ಸಿಲಿಂಡರ್ ಕೆಮ್ಮಿತು, ಆಮೇಲೆ ಎರಡು. ಬಿಳಿ ಹೊಗೆ ಹುಣಸೆ ಮರ ಪೂರ್ತಿ ತುಂಬಿ ಕೊಕ್ಕರೆಗಳು ಎದ್ದವು. ಒಂದು ನಿಮಿಷದ ಮೇಲೆ ಆರೂ ಹಿಡಿದವು ಅಂತ ಅಪ್ಪ ಹೇಳಿದರು. ನನಗೆ ಶಬ್ದದಲ್ಲಿ ವ್ಯತ್ಯಾಸ ಗೊತ್ತಾಗಲಿಲ್ಲ. ತಕ್ಷಣ ಅವರು ಸ್ಟಾಪ್ ಎಳೆದರು. ನಿಂತಿತು. ಮತ್ತೆ ಹೊಡೆಸಿದರು, ಮತ್ತೆ ಎಳೆದರು. ಹೀಗೆ ಮೂರು ಸಲ. ನಾಲ್ಕನೇ ಸಲ ಓಡಲು ಬಿಟ್ಟರು. ಇಪ್ಪತ್ತು ನಿಮಿಷ ಓಡಿತು. ವಾಟರ್ ಪಂಪಿನಿಂದ ಹನಿ ಬೀಳುತ್ತಿದೆ, ಬೇರೆ ಏನೂ ಇಲ್ಲ. ಭಾವ ಹಲಗೆ ಕೆಳಗಿಡಲೇ ಇಲ್ಲ.

ಈಗ ಒಂದೇ ಸಮಸ್ಯೆ. ಕ್ಲಚ್ ತುಳಿದರೂ ಗೇರ್ ಬೀಳುತ್ತಿಲ್ಲ, ಕರಕರ ಅನ್ನುತ್ತದೆ. ಪ್ಲೇಟ್ ಅಂಟಿದೆ ಅಂತಾರೆ ಅಪ್ಪ. ಗೇರ್ ಹಾಕಿಟ್ಟು ಸೆಲ್ಫ್ ಹೊಡೆದು ಜರ್ಕ್ ಕೊಟ್ಟರೆ ಬಿಡುತ್ತದಂತೆ. ಹೌದಾ?

ದುರ್ಗದ ಪಂಪ್ ಮೇಸ್ತ್ರಿ

ಬಿಡುತ್ತದೆ. ಬಿಟ್ಟ ಮೇಲೆ ಗಾಡಿ ನಿಮ್ಮ ಕಣ ದಾಟಿ ಎಲ್ಲಿಗೆ ಹೋಗುತ್ತದೆ? 11 ವರ್ಷದ ವೀಲ್ ಸಿಲಿಂಡರ್ (ಚಕ್ರದೊಳಗೆ ಬ್ರೇಕ್ ಒತ್ತುವುದು), ಬ್ರೇಕ್ ಪೈಪ್ ನೋಡಿದೆಯಾ? ನಾಲ್ಕೂ ಡ್ರಮ್ ಬಿಚ್ಚಿ ರಬ್ಬರ್ ಎಲ್ಲ ಹೊಸದು ಹಾಕು. ಅಲ್ಲಿವರೆಗೆ ಕ್ಲಚ್ ಪೆಡಲ್ ಒತ್ತಿ, ಸೀಟಿಗೂ ಪೆಡಲಿಗೂ ನಡುವೆ ಒಂದು ಕಟ್ಟಿಗೆ ಕೊಟ್ಟು ಬಿಡು, ಎಷ್ಟೋ ಸಲ ತಾನೇ ಬಿಡುತ್ತದೆ. ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಇಲ್ಲದೆ ರಸ್ತೆಗೆ ಇಳಿಸಬೇಡ.

ಬ್ರೇಕ್ ಮುಗಿದ ದಿನ ಹೇಳು. ಮೊಮ್ಮಗಳು ಆ ಗಾಡಿ ನೋಡಬೇಕಂತೆ, ದುರ್ಗದಿಂದ ಬಸ್ಸಿನಲ್ಲಿ ಬರುತ್ತೇವೆ.