ಐವತ್ತರ ದಶಕದ ಗಂಡಸರ ಮ್ಯಾಗಜಿನ್ ಡಬ್ಬ: ತಗೊಳ್ಳಲಾ ಬೇಡ್ವಾ?

ಒಹಾಯೊ ಹುಡುಗ: ಪಕ್ಕದೂರಲ್ಲಿ ತೀರಿಕೊಂಡ ಅಜ್ಜನ ಮನೆ ಸಾಮಾನು ಮಾರ್ತಿದಾರೆ. ‘ಸ್ಟ್ಯಾಗ್’, ‘ಮೇಲ್’, ‘ಟ್ರೂ’ ಎಲ್ಲಾ ಸೇರಿ 40 ಸಂಚಿಕೆ, 200 ಡಾಲರ್. ಅನುಭವ ಇದ್ದೋರು ಹೇಳಿ.

ಬೇಸ್‌ಮೆಂಟ್ ಭಟ್ಟ: ನಾನು ‘ಎಸ್ಕ್ವೈರ್’ ಹಿಂದೆ ಬಿದ್ದೋನು. ಎರಡನೇ ಮಹಾಯುದ್ಧದ ಕಾಲದ 22 ಸಂಚಿಕೆ, ತಲಾ 18 ಡಾಲರ್. ಮನೆಗೆ ತಂದು ಎಣಿಸಿದ್ರೆ ಒಂಬತ್ತರಲ್ಲಿ ವರ್ಗಾಸ್ ಅನ್ನೋ ಕಲಾವಿದ ಬಿಡಿಸಿದ ಸುಂದರಿಯರ ಮಡಚು ಚಿತ್ರವೇ ಇಲ್ಲ! ಯಾವ ಸಿಪಾಯಿ ಯಾವ ಗೋಡೆಗೆ ಅಂಟಿಸಿದ್ನೋ. ಪತ್ರಿಕೆ ಅಗಲ, ಮಾಮೂಲಿ ಪ್ಲಾಸ್ಟಿಕ್ ಕವರ್‌ಗೆ ಹೋಗಲ್ಲ. ಮೈಲಾರ್ ಅನ್ನೋ ಗಟ್ಟಿ ಪ್ಲಾಸ್ಟಿಕ್ಕಿನ ದೊಡ್ಡ ಕವರ್, ಆಮ್ಲ ಇಲ್ಲದ ರಟ್ಟು ಅಂತ ಇನ್ನೊಂದು 130. ಎರಡನೇ ಮಳೆಗೆ ನೆಲಮಾಳಿಗೆ ತೇವ ಹಿಡೀತು, ಪಿನ್ನಿನ ಸುತ್ತ ಕಂದು ತುಕ್ಕು. ತೇವ ಹೀರೋ ಯಂತ್ರಕ್ಕೆ 240. ಲೆಕ್ಕ ನೀವೇ ಹಾಕಿ, ನನ್ನ ಹೆಂಡ್ತಿ ಆಗಲೇ ಹಾಕಿದಾಳೆ.

ಡೆಟ್ರಾಯಿಟ್ ದಾವಣಗೆರೆ: ಬೊಂಬೆ ನೋಡೋಕೆ ತಗೊಂಡ್ರೆ ಹಂಗೇ ಆಗೋದು ಭಟ್ರೇ. ನಾನು ಸಾಹಸದ ಪತ್ರಿಕೆ ಮಾತ್ರ. ‘ಗಾಡ್‌ಫಾದರ್’ ಕಾದಂಬರಿಗೂ ಮುಂಚೆ ಅದನ್ನ ಬರೆದ ಮಾರಿಯೊ ಪೂಜೊ ‘ಮಾರಿಯೊ ಕ್ಲೆರಿ’ ಅನ್ನೋ ಹೆಸರಲ್ಲಿ ಇವಕ್ಕೇ ಕತೆ ಬರೀತಿದ್ದ, ಗೊತ್ತಾ? ಕಷ್ಟ ನಂಗೂ ಇದೆ. ಮಾರಿದವನು ಅಂಚೆಯಲ್ಲಿ ಪುಸ್ತಕಕ್ಕಿರೋ ಅಗ್ಗದ ದರದಲ್ಲಿ ಕಳಿಸಿದ. ಜಾಹೀರಾತು ಇರೋ ಪತ್ರಿಕೆ ಆ ದರಕ್ಕೆ ಬರಲ್ಲ. ಬಾಕಿ 31 ಡಾಲರ್ ನನ್ನ ತಲೆಗೆ. ಕಾಗದವೋ, ಹಪ್ಪಳ: ತಿರುವಿದ್ರೆ ಅಂಚು ಪುಡಿ.

ಸ್ಯಾನ್‌ಹೋಸೆ ಶೆಟ್ಟಿ: ನಂದು ಕೇಳಿ ಅಳಿ. 1953 ಡಿಸೆಂಬರಿನ ಮೊದಲ ‘ಪ್ಲೇಬಾಯ್’, ಮರ್ಲಿನ್ ಮನ್ರೊ ಇರೋದು. ಮುಖಪುಟದಲ್ಲಿ ತಾರೀಖಿಲ್ಲ, ಎರಡನೆಯದು ಬರುತ್ತೋ ಇಲ್ವೋ ಅಂತ ಪತ್ರಿಕೆ ಶುರುಮಾಡಿದ ಹೆಫ್ನರ್‌ಗೇ ಅನುಮಾನವಿತ್ತು. ತಾರೀಖಿಲ್ಲ ಅಂದ್ಮೇಲೆ ಅಸಲಿನೇ ಅಂತ ನಂಬಿ 1,150 ಕೊಟ್ಟೆ. ಈಚೆಗೆ ಮರುಮುದ್ರಿಸಿದ ಪ್ರತಿ! ಅದರಲ್ಲೂ ತಾರೀಖಿರಲ್ಲ.

ಡೆಟ್ರಾಯಿಟ್ ದಾವಣಗೆರೆ: ಕಾಗದದ ವಾಸನೆ ನೋಡಲಿಲ್ವಾ?

ಸ್ಯಾನ್‌ಹೋಸೆ ಶೆಟ್ಟಿ: ಫೋಟೊಗೆ ವಾಸನೆ ಬರುತ್ತಾ ಮಾರಾಯ್ರೇ?

ಬೇಸ್‌ಮೆಂಟ್ ಭಟ್ಟ: ತುಕ್ಕಿಗೆ ಉಪಾಯ ಇದೆ. ಹಳೇ ಪಿನ್ ಕಿತ್ತು ಸ್ಟೀಲ್ ಪಿನ್ ಹಾಕಿದೆ. ಆಮೇಲೆ ನಾಲ್ಕು ಮಾರಿದೆ, ಚೆನ್ನಾಗೇ ಹೋಯ್ತು.

ಡೆಟ್ರಾಯಿಟ್ ದಾವಣಗೆರೆ: ಪಿನ್ ಬದಲಾಯಿಸಿದ್ದು ಹೇಳಿ ಮಾರಿದ್ರಾ?

ಬೇಸ್‌ಮೆಂಟ್ ಭಟ್ಟ: ಯಾರೂ ಕೇಳಲಿಲ್ಲ.

ಸ್ಯಾನ್‌ಹೋಸೆ ಶೆಟ್ಟಿ: ನಂಗೆ ಟೋಪಿ ಹಾಕಿದವನೂ ಇದೇ ಮಾತಂದಿದ್ದ.

ಬೇಸ್‌ಮೆಂಟ್ ಭಟ್ಟ: ಪಿನ್ನಿಗೂ ನಕಲಿ ಪ್ರತಿಗೂ ಹೋಲಿಕೆ ಮಾಡ್ತೀರಲ್ಲ, ನಾಚಿಕೆ ಆಗಲ್ವಾ?

ಒಹಾಯೊ ಹುಡುಗ: ಸಾರ್, ನಾಲ್ಕು ಗಂಟೆಗೆ ಬಾಗಿಲು ಹಾಕ್ತಾರಂತೆ…

ಡೆಟ್ರಾಯಿಟ್ ದಾವಣಗೆರೆ: ಇರಪ್ಪಾ ಸ್ವಲ್ಪ. ಭಟ್ರೇ, ಆ ನಾಲ್ಕರಲ್ಲಿ 1944ರದ್ದು ಇತ್ತಾ?